ಸೀತನಿ ಹುಡುಕುತ್ತಾ

ಸೀತನಿ ಎಂದರೇನೆಂದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹೆಣ್ಣುಮಕ್ಕಳಿಗೆ ಹೇಳಬೇಕಾಗಿಲ್ಲ. ಮದುವೆಯಾಗಿ ಮೈಸೂರಿಗೆ ಬಂದ ನಾನು ಮಾತ್ರ ಹೇಳಿ ಹೇಳಿ ಸೋತೆ.

ದೇವರಾಜ ಮಾರುಕಟ್ಟೆಯಲ್ಲಿ ಹಸಿ ಜೋಳದ ತೆನೆ ಕೇಳಿದರೆ ಮುಸುಕಿನ ಜೋಳ ತೋರಿಸಿದರು. "ಇದಲ್ಲರೀ, ಬಿಳಿಜೋಳ" ಎಂದೆ. "ಹಿಟ್ಟು ಬೇಕಾದ್ರೆ ಆ ಅಂಗಡೀಲಿ ಕೇಳಿ ಅಮ್ಮ" ಎಂದರು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ ಮೇಲಂತೂ ಜೋಳದ ಅರಳು, ಜೋಳದ ಬಿಸ್ಕತ್ತು ಎಲ್ಲವೂ ಬಣ್ಣದ ಪೊಟ್ಟಣದಲ್ಲಿ ಬಂದು ಕುಳಿತಿವೆ. ಸೀತನಿ ಮಾತ್ರ ಇಲ್ಲ. ಅದೇ ಚಳಿಗಾಲದಲ್ಲಿ ಪಕ್ಕದ ಮನೆಯವರು ಸೊಗಡಿನ ಅವರೆಕಾಯಿ ರಾಶಿ ಹಾಕಿಕೊಂಡು ಸುಲಿಯುತ್ತಾ, "ನಿಮ್ಮದೂ ಹೀಗೇನಾ?" ಎಂದು ಕೇಳುತ್ತಾರೆ. ಹೀಗೇ. ಆದರೆ ಅವರೆಕಾಯಿ ಚೀಲದಲ್ಲಿ ಕುಳಿತು ಊರೂರು ತಿರುಗುತ್ತದೆ. ಸೀತನಿ ಹೊಲದ ಬದು ದಾಟುವುದಿಲ್ಲ.

ಹಿಂಗಾರಿ ಜೋಳದ ತೆನೆಯಲ್ಲಿ ಹಾಲು ಗಟ್ಟಿಯಾಗುತ್ತಾ ಬಂದು, ಕಾಳು ಇನ್ನೂ ಹಸಿರಾಗಿ ಮೆತ್ತಗಿರುವ ಒಂದು ವಾರ, ಹೆಚ್ಚೆಂದರೆ ಹತ್ತು ದಿನ, ಅಷ್ಟೇ ಅದರ ಆಯುಷ್ಯ. ಆಮೇಲೆ ಕಾಳಿನ ಸಿಹಿಯೆಲ್ಲ ಹಿಟ್ಟಾಗುತ್ತದೆ. ಸಕ್ಕರಿ ಮುಕ್ಕರಿಯಂಥ ಸಿಹಿ ಜೋಳವನ್ನು ಇದಕ್ಕೆಂದೇ ಬಿತ್ತುವವರಿದ್ದರು. ಹೊಲದಲ್ಲೇ ತಗ್ಗು ತೆಗೆದು, ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟು, ಬಿಸಿಯಿರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಬೆಲ್ಲ, ಶೇಂಗಾ ಹಿಂಡಿ, ಕೆನೆಮೊಸರಿನ ಜೊತೆ ತಿನ್ನಬೇಕು. ತಿಕ್ಕಿದವರ ಅಂಗೈ ಕೆಂಪಾಗಿರುತ್ತಿತ್ತು. ತಿಕ್ಕುವವಳು ನಮ್ಮವ್ವ, ತಿನ್ನುವವರು ನಾವು!

ಒಮ್ಮೆ ಅಣ್ಣ ಒದ್ದೆ ಬಟ್ಟೆಯಲ್ಲಿ ತೆನೆ ಸುತ್ತಿ ಕೊಟ್ಟ. ಗೋಲಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯೆಲ್ಲ ಮಡಿಲಲ್ಲಿಟ್ಟುಕೊಂಡು ತಂದು ಗ್ಯಾಸಿನ ಉರಿಯ ಮೇಲೆ ಸುಟ್ಟೆ. ಮಕ್ಕಳು ಒಂದು ಮುಕ್ಕು ತಿಂದು, "ಹಸಿ ಹಿಟ್ಟಿನ ವಾಸನೆ" ಎಂದವು. ಕುಳ್ಳಿನ ಹೊಗೆಯಿಲ್ಲದ ಸೀತನಿ ನನಗೂ ರುಚಿಸಲಿಲ್ಲ.

ಹಾಗಾಗಿ ತಿನ್ನಬೇಕೆಂದರೆ ತವರಿಗೇ ಹೋಗಬೇಕು. ಸಂಕ್ರಾಂತಿಯ ಹಿಂದುಮುಂದೆ ಅಣ್ಣನ ಫೋನು ಬರುತ್ತಿತ್ತು: "ತೆನಿ ಹಾಲಗಾಳ ಆಗ್ಯಾವ, ಬಾರವಾ." ಪಂಚಮಿಗೆ ಕಳಿಸಲು ಸಾವಿರ ಅಡ್ಡಿ ಹೇಳುತ್ತಿದ್ದ ನಮ್ಮ ಅತ್ತೆಯವರು ಇದಕ್ಕೆ ಸುಮ್ಮನಾಗುತ್ತಿದ್ದರು. ಹಬ್ಬ ಮುಂದಿನ ವರ್ಷವೂ ಬರುತ್ತದೆ ಎನ್ನಬಹುದು, ತೆನೆಗೆ ಹಾಗೆನ್ನಲು ಬರುತ್ತದೆಯೇ?

ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟದ್ದು 1964ರಲ್ಲಿ. ನಮ್ಮ ಹೊಲಕ್ಕೆ ಕಾಲುವೆ ನೀರು ಮುಟ್ಟುವಷ್ಟರಲ್ಲಿ ಅಪ್ಪ ಇರಲಿಲ್ಲ. ನೀರು ಬಂದದ್ದೇ ಅಣ್ಣ ಜೋಳ ಬಿಟ್ಟು ಕಬ್ಬು ಹಚ್ಚಿದ. ಬೇಡ ಎನ್ನಲು ನಾನ್ಯಾರು? ಮುಗಿಲು ನೋಡಿ ನೋಡಿ ಕಣ್ಣು ಸೋತವರ ಮನೆ ಅದು. ಕಬ್ಬಿನ ದುಡ್ಡಿನಲ್ಲೇ ಅವನ ಮಗಳು ಕಾಲೇಜು ಓದುತ್ತಿದ್ದಾಳೆ. ಆದರೆ ಆ ಸಂಕ್ರಾಂತಿಗೆ ಫೋನು ಬರಲಿಲ್ಲ. ಕಬ್ಬು ತಿನ್ನಲು ಬಾ ಎಂದು ಮೈಸೂರಿನಿಂದ ಯಾರು ಕರೆಸುತ್ತಾರೆ?

ನಾಲ್ಕು ಸಾಲು ಜೋಳ ಬಿತ್ತಬಾರದೇ ಎಂದು ನಾನೇ ಕೇಳಿದೆ. "ಸುತ್ತ ಯಾರೂ ಜ್ವಾಳ ಹಾಕಿಲ್ಲ. ನಾಕ ಸಾಲ ಬಿತ್ತಿದರ ಎಲ್ಲಾ ಹಕ್ಕಿ ಪಾಲ" ಎಂದ. ಮಾತು ಸುಳ್ಳಲ್ಲ. ಅಲ್ಲೇ ರೊಟ್ಟಿ ಬಡಿಯುತ್ತಿದ್ದ ಅತ್ತಿಗೆ ಏನೂ ಅನ್ನಲಿಲ್ಲ.

ಮರುವರ್ಷ ಸಂಕ್ರಾಂತಿಯ ಮರುದಿನ ಅವಳದೇ ಫೋನು: "ಬಾಂವಿ ದಂಡಿಗೆ ಒಂದೀಟ ಜ್ವಾಳ ಹಾಕೇನಿ ನೋಡವಾ. ಸುತ್ತೂಕಡೆ ಹಳೆ ಸೀರಿ ಕಟ್ಟೇನಿ. ಗುಬ್ಬಿ ಬಿಟ್ಟಷ್ಟ ಅದಾವ, ಲಗೂನ ಬಾ."