ಹಳೆಯ ಡಬ್ಬಕ್ಕೆ ಹೊಸ ಕಾರ್ಡು

ನಮ್ಮ ಮನೆಯ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಈಗ ಎಂಟು ವರ್ಷ. 2017ರಲ್ಲಿ, ಮದುವೆಗೂ ಮೊದಲು, ಮಿಯಾಪುರದ ಬಾಡಿಗೆ ರೂಮಿನಲ್ಲಿದ್ದಾಗ ಒಂದೊಂದೇ ಭಾಗ ತಂದು ನಾನೇ ಜೋಡಿಸಿದ್ದು. ಇಂಟೆಲ್ ಐ5-7400 ಪ್ರೊಸೆಸರ್, 16 ಜಿಬಿ ರಾಮ್, ಎನ್‌ವಿಡಿಯಾದ ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡು. ಆಫೀಸಿನ ಕೆಲಸಕ್ಕೆ ಆಫೀಸಿನವರೇ ಕೊಟ್ಟ ಲ್ಯಾಪ್‌ಟಾಪ್ ಇದೆ. ಈ ಡಬ್ಬ ಇರುವುದು ಗೇಮ್ ಆಡಲಿಕ್ಕೆ ಮಾತ್ರ, ಅದೂ ಶನಿವಾರ ರಾತ್ರಿ, ಅದೂ ಒಬ್ಬನ ಜೊತೆ: ನನ್ನ ತಮ್ಮ. ಅವನು ರಾಯಚೂರಿನಲ್ಲಿದ್ದಾನೆ, ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ ಶಿಫ್ಟ್ ಕೆಲಸ.

ಎರಡು ವರ್ಷದ ಹಿಂದೆ ಅಪ್ಪ ಹೋದ ಮೇಲೆ ನಮ್ಮಿಬ್ಬರ ಫೋನ್ ಮಾತು ಬರೀ ಲೆಕ್ಕಪತ್ರವಾಗಿಬಿಟ್ಟಿತ್ತು. ಅವ್ವನ ಬಿಪಿ ಗುಳಿಗೆ ಬಂತಾ, ಮನೆ ಕಂದಾಯ ಕಟ್ಟಿದೆಯಾ, ಮೇಲಿನ ಬಾಡಿಗೆಯವರು ಬಿಟ್ಟರಾ. ಮನೆ ಮಾರುವ ಮಾತು ಒಮ್ಮೆ ಬಂದು ಇಬ್ಬರಿಗೂ ಕಹಿಯಾಗಿತ್ತು. ಆಮೇಲೆ ಆ ವಿಷಯ ಇಬ್ಬರೂ ಎತ್ತುತ್ತಿರಲಿಲ್ಲ. ಗೇಮ್ ಆಡುವಾಗ ಮಾತ್ರ ಹೆಡ್‌ಫೋನಿನಲ್ಲಿ ಮೊದಲಿನ ತಮ್ಮ ಸಿಗುತ್ತಿದ್ದ. ಕಣ್ಣು ಪರದೆಯ ಮೇಲೆ, ಕೈ ಕೀಲಿಗಳ ಮೇಲೆ ಇರುವಾಗ ಬಾಯಿ ತಾನಾಗಿ ಸಡಿಲವಾಗುತ್ತದೆ. ಎದುರುಬದುರು ಕೂತರೆ ನಾವು ಗಂಡಸರು ಟಿವಿ ನೋಡುತ್ತೇವೆ.

ಅವನು ಸ್ಪ್ಲಿಟ್ ಫಿಕ್ಷನ್ ಎಂಬ ಗೇಮ್ ಕೊಂಡ. ಮಾರ್ಚ್ 2025ರಲ್ಲಿ ಬಂದದ್ದು. ಇಬ್ಬರಿಲ್ಲದೆ ಆಡಲು ಬರುವುದೇ ಇಲ್ಲ. ಒಬ್ಬ ಕೊಂಡರೆ ಇನ್ನೊಬ್ಬ ಗೆಳೆಯನ ಪಾಸಿನಲ್ಲಿ ಪುಕ್ಕಟೆ ಆಡಬಹುದು, ಹಾಗಾಗಿ ಅಣ್ಣನಾದ ನಾನು ತಮ್ಮನ ಖರ್ಚಿನಲ್ಲಿ ಸೇರಿಕೊಂಡೆ. ಈ ಆಟದ ವಿಶೇಷ ಏನೆಂದರೆ, ಇಬ್ಬರೂ ಬೇರೆ ಬೇರೆ ಊರಿನಲ್ಲಿ ಕೂತಿದ್ದರೂ ಪರದೆ ಎರಡು ಭಾಗವಾಗಿಯೇ ಇರುತ್ತದೆ. ಅರ್ಧದಲ್ಲಿ ನಾನು ಕಾಣುವುದು, ಇನ್ನರ್ಧದಲ್ಲಿ ಅವನು ಕಾಣುವುದು. ನೋಡಲು ಚೆಂದ, ಆದರೆ ಕಾರ್ಡಿಗೆ ಕಷ್ಟ, ಅದು ಎರಡು ಲೋಕ ಬಿಡಿಸಬೇಕು. ಆಟದವರು ಕೇಳುವ ಕನಿಷ್ಠ ಕಾರ್ಡು ಜಿಟಿಎಕ್ಸ್ 970, ನನ್ನದು ಅದಕ್ಕಿಂತ ಕೆಳಗೆ.

"ಅಣ್ಣ, ನಾ ಮ್ಯಾಲ್ ಬಂದು ನಿಂತೀನಿ. ನೀ ಎಲ್ಲಿದ್ದಿ?"

"ನಿಂತಲ್ಲೇ ನಿಂತೀನೋ, ಪರದೆನ ಅಳ್ಳಾಡವಲ್ದು."

ಎರಡು ಶನಿವಾರ ಹೀಗೆ ಆಯಿತು. ಮೂರನೆಯ ಶನಿವಾರ ಅವನು "ಇರ್ಲಿ ಬಿಡು, ನಿನಗ ತ್ರಾಸ ಆಗ್ತದ" ಅಂದ. ಆ ದನಿ ನನಗೆ ಸರಿಬರಲಿಲ್ಲ. ಕಾರ್ಡು ತರುವುದು ಅಂದೇ ಖಾತ್ರಿಯಾಯಿತು.

ಮನೆಯಲ್ಲಿ ಹೇಳಿದೆ. ಇಪ್ಪತ್ತೈದು ಸಾವಿರದ ಒಳಗೆ ಎಂದೆ. "ಅಷ್ಟ ರೊಕ್ಕದಾಗ ರಾಯಚೂರಿಗೆ ಹತ್ತ ಸಲ ಹೋಗಿ ಬರಬಹುದಲ್ರೀ" ಎಂದಳು ಹೆಂಡತಿ. ಲೆಕ್ಕ ತಪ್ಪಲ್ಲ, ರಾಯಚೂರು ದೂರವೂ ಅಲ್ಲ, ರೈಲಿನಲ್ಲಿ ನಾಲ್ಕೈದು ತಾಸು. ಆದರೆ ನನ್ನ ರಜೆಗೂ ಅವನ ಶಿಫ್ಟಿಗೂ ಹೊಂದುವುದು ಅಪರೂಪ, ಹೊಂದಿದರೂ ಟಿವಿ ಇದ್ದೇ ಇದೆ. ಅವಳಿಗೂ ಅದು ಗೊತ್ತು. "ಹಂಗಾದ್ರ ತರ್ರಿ, ಆದ್ರ ಇಪ್ಪತ್ತೈದು ಅಂದ್ರ ಇಪ್ಪತ್ತೈದ" ಎಂದಳು.

ಕಾರ್ಡು ಹುಡುಕುವವರು ಸಾಮಾನ್ಯವಾಗಿ ಮೊದಲು ಕಾರ್ಡನ್ನೇ ನೋಡುತ್ತಾರೆ. ಹಳೆಯ ಯಂತ್ರದ ವಿಷಯದಲ್ಲಿ ಅದು ಕೊನೆಗೆ ನೋಡಬೇಕಾದ್ದು ಎಂಬುದು ನನ್ನ ಅಭಿಪ್ರಾಯ. ಮನೆಗೆ ಬರುವ ಸೊಸೆಯ ಬಗ್ಗೆ ನೂರು ಮಾತಾಡುವ ಮೊದಲು ಮನೆ ಹೇಗಿದೆ ಎಂದು ನೋಡಿಕೊಳ್ಳಬೇಕಲ್ಲ, ಹಾಗೆ.

ಮೊದಲು, ತಡೆ ನಿಜಕ್ಕೂ ಕಾರ್ಡಿನದೇ ಎಂದು ಗೊತ್ತಾಗಬೇಕು. ನಮ್ಮ ರಾಯಚೂರು ಕಡೆಯವರಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತನ ಕಷ್ಟ ಗೊತ್ತು. ಹೊಲ ಎಷ್ಟು ದೊಡ್ಡದಿದ್ದರೇನು, ಮೇಲಿಂದ ನೀರು ಬಂದಷ್ಟೇ ಬೆಳೆ. ಪ್ರೊಸೆಸರ್ ಮೇಲಿನ ಕಾಲುವೆ, ಕಾರ್ಡು ಹೊಲ. ಗೇಮ್ ಓಡುತ್ತಿರುವಾಗ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಪ್ರೊಸೆಸರ್ ನೂರಕ್ಕೆ ಮುಟ್ಟಿ ಕಾರ್ಡು ಅರವತ್ತರಲ್ಲಿ ಆರಾಮಾಗಿದ್ದರೆ ಹೊಸ ಕಾರ್ಡಿನಿಂದ ಏನೂ ಆಗದು. ನನ್ನದರಲ್ಲಿ ಕಾರ್ಡು 99ರಲ್ಲಿ ಏದುಸಿರು ಬಿಡುತ್ತಿತ್ತು, ಅದರ 4 ಜಿಬಿ ಮೆಮೊರಿ ತುಂಬಿ ತುಳುಕುತ್ತಿತ್ತು, ಪ್ರೊಸೆಸರ್ ಎಪ್ಪತ್ತರ ಆಸುಪಾಸು. ಸರಿ, ಕಾರ್ಡೇ. ಹಾಗೆಂದು ತೀರಾ ದೊಡ್ಡ ಹೊಲ ಕೊಂಡರೂ ದಂಡವೇ, ನಾಲ್ಕು ಕೋರಿನ ಪ್ರೊಸೆಸರ್ ಅಷ್ಟು ನೀರು ಬಿಡಲಾರದು.

ಮಾನಿಟರಿನ ಲೆಕ್ಕ ಸುಲಭ. 1920ಕ್ಕೆ 1080 ಎಂದರೆ 20,73,600 ಚುಕ್ಕೆಗಳು. ಸೆಕೆಂಡಿಗೆ 60 ಸಲ ಅಷ್ಟಕ್ಕೂ ಬಣ್ಣ ಹಚ್ಚಬೇಕು, ಹನ್ನೆರಡು ಕೋಟಿಗೂ ಮೇಲೆ. 4ಕೆ ಪರದೆಯಾದರೆ ಇದರ ನಾಲ್ಕು ಪಟ್ಟು, ಕಾರ್ಡಿನ ಬೆಲೆಯೂ ಹಾಗೆಯೇ ಏರುತ್ತದೆ. ನನ್ನದು 60ಕ್ಕಿಂತ ಹೆಚ್ಚು ತೋರಿಸದ ಮಾನಿಟರು, 144ರ ಆಸೆ ನನಗೆ ಬೇಕಿರಲಿಲ್ಲ. ಅದಕ್ಕಿರುವುದು ವಿಜಿಎ ಮತ್ತು ಡಿವಿಐ ಕಿಂಡಿ ಮಾತ್ರ, ಈಗಿನ ಹೆಚ್ಚಿನ ಕಾರ್ಡುಗಳಲ್ಲಿ ಎರಡೂ ಇರುವುದಿಲ್ಲ. ಎಚ್‌ಡಿಎಂಐನಿಂದ ಡಿವಿಐಗೆ ಹೋಗುವ ಒಂದು ಕೇಬಲ್ ಸಾಕು, ಆದರೆ ಅದೇ ದಿನ ತರಬೇಕು, ಇಲ್ಲವೆಂದರೆ ರಾತ್ರಿ ಕಪ್ಪು ಪರದೆ ನೋಡುತ್ತಾ ಕೂರಬೇಕು.

ನಿಜವಾದ ಕಗ್ಗಂಟು ಎಸ್‌ಎಂಪಿಎಸ್‌ನದು. ಕರೆಂಟು ಕೊಡುವ ಆ ಡಬ್ಬಿಯನ್ನು ಯಾರೂ ಗಮನಿಸುವುದಿಲ್ಲ, ಅದಕ್ಕೆ ಬಣ್ಣದ ಲೈಟಿಲ್ಲ. 1050 ಟಿಐ ಬಡವರ ಮನೆಯ ಹುಡುಗನಂತೆ 75 ವ್ಯಾಟಿನಲ್ಲಿ ಬದುಕುತ್ತಿತ್ತು. ಅಷ್ಟು ಮದರ್‌ಬೋರ್ಡಿನ ಕಿಂಡಿಯಿಂದಲೇ ಸಿಗುತ್ತದೆ, ಬೇರೆ ತಂತಿ ಬೇಕಿಲ್ಲ. ಅದಕ್ಕಿಂತ ಹೆಚ್ಚು ಕುಡಿಯುವ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ನೇರವಾಗಿ ಆರು ಅಥವಾ ಎಂಟು ಪಿನ್ನಿನ ತಂತಿ ಹೋಗಬೇಕು. ನನ್ನದರಲ್ಲಿ ಆ ತಂತಿಯೇ ಇರಲಿಲ್ಲ. ಮೇಲೆ ದಪ್ಪಕ್ಷರದಲ್ಲಿ 450 ವ್ಯಾಟ್ ಎಂದಿತ್ತು. ಪಕ್ಕದ ಚೀಟಿ ಓದಿದರೆ 12 ವೋಲ್ಟಿನ ಸಾಲಿಗೆ 18 ಆಂಪಿಯರ್. ಗುಣಿಸಿದರೆ 216 ವ್ಯಾಟ್. ಪ್ರೊಸೆಸರೂ ಕಾರ್ಡೂ ಬದುಕುವುದು ಆ ಸಾಲಿನ ಮೇಲೆಯೇ.

ಚೀಟಿಯ ಫೋಟೋ ತಮ್ಮನಿಗೆ ಕಳಿಸಿದೆ. ಕೂಡಲೇ ಫೋನ್ ಬಂತು, ಅಪ್ಪನ ವಿಷಯ ಬಿಟ್ಟು ಬೇರೆಯದಕ್ಕೆ ಅವನೇ ಫೋನ್ ಮಾಡಿದ್ದು ಬಹಳ ದಿನದ ಮೇಲೆ. "ಬೋರ್ಡ್ ಮ್ಯಾಲ ಬರೆಯೋ ಮೆಗಾವ್ಯಾಟ್ ಬ್ಯಾರೆ, ಗ್ರಿಡ್ಡಿಗೆ ಹೋಗೋ ಮೆಗಾವ್ಯಾಟ್ ಬ್ಯಾರೆ ಅಣ್ಣ. ನಮ್ಮ ಪ್ಲಾಂಟಿನಾಗೂ ಇದೇ ಅದ. ಮೊದ್ಲ ಅದನ್ನ ತೆಗದು ಒಗಿ." ಸಾದಾ ನಾಲ್ಕು ಪಿನ್ನಿನ ತಂತಿಯಿಂದ ಎಂಟು ಪಿನ್ನಿಗೆ ಮಾರ್ಪಡಿಸುವ ಅಡಾಪ್ಟರ್ ನೂರೈವತ್ತು ರೂಪಾಯಿಗೆ ಸಿಗುತ್ತದೆ ಎಂದೆ. ಬಯ್ದ. ಆ ತೆಳು ತಂತಿ ಅಷ್ಟು ಕರೆಂಟಿಗೆ ಕಾದು ಕರಗಬಹುದು ಎಂದು ಅರ್ಧ ತಾಸು ಪಾಠ ಮಾಡಿದ. ಕೇಳಿಸಿಕೊಂಡೆ, ಖುಷಿಯಿಂದಲೇ.

ಈಗ ಕಾರ್ಡುಗಳು. ಎಂಟು ಪಿನ್ನಿನ ಗೊಡವೆಯೇ ಬೇಡ ಎನ್ನುವವರಿಗೆ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ ಇದೆ. 70 ವ್ಯಾಟು, ತಂತಿ ಬೇಡ. ಹಳೆಯದನ್ನು ಕಿತ್ತು ಇದನ್ನು ಸಿಕ್ಕಿಸಿದರೆ ಮುಗಿಯಿತು. ಆದರೆ ಹೆಸರಿನಲ್ಲಿ ಮೋಸವಿದೆ. 2022ರ 8 ಜಿಬಿ 3050ಯೂ 2024ರ ಈ 6 ಜಿಬಿಯೂ ಒಂದೇ ಸರಕಲ್ಲ, ಮೆಮೊರಿ ಮಾತ್ರವಲ್ಲ ಒಳಗಿನ ಕೋರುಗಳೂ ಇದರಲ್ಲಿ ಕಡಿಮೆ. ಡಬ್ಬದ ಮೇಲೆ ಜಿಬಿ ಸಂಖ್ಯೆ ನೋಡಿ ಕೊಳ್ಳುವವರು ಇದನ್ನು ನೆನಪಿಡಿ. ಹತ್ತು ವರ್ಷ ಹಳೆಯ ಜಿಟಿ 730 ಕೂಡ 4 ಜಿಬಿ ಎಂದು ಹಾಕಿಕೊಂಡು ಅಂಗಡಿಯಲ್ಲಿ ಕೂತಿರುತ್ತದೆ.

ಎಎಂಡಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಅಗ್ಗ. ಆದರೆ ಅದು ಮದರ್‌ಬೋರ್ಡಿನ ಜೊತೆ ನಾಲ್ಕೇ ಲೇನಿನಲ್ಲಿ ಮಾತಾಡುತ್ತದೆ, ನನ್ನಂಥ ಹಳೆಯ ಪಿಸಿಐ ಎಕ್ಸ್‌ಪ್ರೆಸ್ 3 ಬೋರ್ಡಿನಲ್ಲಿ ಆ ದಾರಿ ಇನ್ನೂ ಕಿರಿದು. ಇಂಟೆಲ್‌ನ ಆರ್ಕ್ ಬಿ580 ಕೊಡುವ 12 ಜಿಬಿ ನೋಡಿ ಬಾಯಲ್ಲಿ ನೀರು ಬಂತು, ಆದರೆ ಅದಕ್ಕೆ ರೀಸೈಜಬಲ್ ಬಾರ್ ಎಂಬ ಸೌಲಭ್ಯ ಬೇಕು, ನನ್ನ ಬೋರ್ಡಿನ ಬಯಾಸ್‌ನಲ್ಲಿ ಅದು ಇಲ್ಲ. ಆರ್‌ಟಿಎಕ್ಸ್ 5060 ಆಗ ಹೊಸದು, ವೇಗದ್ದು, ಮೂವತ್ತು ಸಾವಿರದ ಹತ್ತಿರವಿತ್ತು. ಬಜೆಟ್ ಅಲ್ಲಿಗೇ ಮುಗಿದು ಎಸ್‌ಎಂಪಿಎಸ್‌ಗೆ ದುಡ್ಡಿಲ್ಲ. ಉಳಿದದ್ದು ಎಎಂಡಿಯ ಆರ್‌ಎಕ್ಸ್ 6600. 2021ರದು, 8 ಜಿಬಿ, 132 ವ್ಯಾಟು, ಒಂದು ಎಂಟು ಪಿನ್ನು. ಡಿಎಲ್‌ಎಸ್‌ಎಸ್ ಇಲ್ಲ, ಬೆಳಕಿನ ಕಿರಣದ ಚಮತ್ಕಾರದಲ್ಲಿ ದುರ್ಬಲ. ಆದರೆ 1080 ಪರದೆಯ ಸಾದಾ ಆಟಕ್ಕೆ 6 ಜಿಬಿಯ 3050ಗಿಂತ ಎಷ್ಟೋ ಮೇಲು.

ಸೆಕೆಂಡ್ ಹ್ಯಾಂಡೂ ನೋಡಿದೆ. ಅಮೀರ್‌ಪೇಟೆಯಲ್ಲಿ ಒಬ್ಬ ಹುಡುಗ ಆರ್‌ಟಿಎಕ್ಸ್ 3060 ಒಂದನ್ನು ಚೆನ್ನಾದ ಬೆಲೆಗೆ ಹೇಳಿದ. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ತನ್ನ ಪದ್ಧತಿ ಬದಲಿಸಿ ಕಾರ್ಡಿನಿಂದ ಮೈನಿಂಗ್ ಮಾಡುವುದು ನಿಂತಿತು. ಆಗ ಹಗಲು ರಾತ್ರಿ ದುಡಿದ ಕಾರ್ಡುಗಳೆಲ್ಲ ಮಾರುಕಟ್ಟೆಗೆ ಬಂದವು, ಇಂದಿಗೂ ಕೈ ಬದಲಾಗುತ್ತಿವೆ. ದುಡಿದದ್ದೆಲ್ಲ ಕೆಟ್ಟದ್ದೇನಲ್ಲ. ಬಿಲ್ಲು ಕೇಳಿದೆ, ಇಲ್ಲ. ಅರ್ಧ ಗಂಟೆ ಆಟ ಓಡಿಸಿ ತೋರಿಸು ಎಂದೆ. "ಟೈಮ್ ನಹೀ ಹೈ ಭಾಯ್" ಎಂದ. ಬಂದುಬಿಟ್ಟೆ.

ಕೊನೆಗೆ ಸಿಟಿಸಿ. ಹೈದರಾಬಾದಿನಲ್ಲಿರುವ ಕನ್ನಡಿಗರಿಗೆ ಹೇಳಬೇಕಿಲ್ಲ, ಬೆಂಗಳೂರು, ಚೆನ್ನೈಯವರಿಗೆ ಹೇಳುತ್ತೇನೆ. ನಿಮಗೆ ಎಸ್‌ಪಿ ರೋಡು, ರಿಚಿ ಸ್ಟ್ರೀಟು ಇದ್ದ ಹಾಗೆ ನಮಗೆ ಸಿಕಂದರಾಬಾದಿನ ಪಾರ್ಕ್‌ಲೇನಿನ ಚೆನಾಯ್ ಟ್ರೇಡ್ ಸೆಂಟರ್. ತಮಾಷೆ ಎಂದರೆ ಅದರ ಹತ್ತಿರವೂ ಒಂದು ಎಸ್‌ಪಿ ರೋಡಿದೆ. ಬೆಂಗಳೂರಿನದು ಸಾದರ ಪತ್ರಪ್ಪ, ಇದು ಸರ್ದಾರ್ ಪಟೇಲ್. ಮಿಯಾಪುರದಲ್ಲಿ ಮೆಟ್ರೋ ಹತ್ತಿ, ಅಮೀರ್‌ಪೇಟೆಯಲ್ಲಿ ಬದಲಿಸಿ, ಪ್ಯಾರಡೈಸ್‌ನಲ್ಲಿ ಇಳಿದು ನಡೆದರಾಯಿತು. ಎಎಂಡಿ, ಎನ್‌ವಿಡಿಯಾ ಎರಡಕ್ಕೂ ಇದೇ ಊರಿನಲ್ಲಿ ಕಚೇರಿಗಳಿವೆ, ನನ್ನ ಹಳೆಯ ಸಹೋದ್ಯೋಗಿಗಳು ಕೆಲವರು ಅಲ್ಲಿದ್ದಾರೆ. ಕಾರ್ಡಿನ ಬೆಲೆಯಲ್ಲಿ ನೂರು ರೂಪಾಯಿ ಇಳಿಸಲು ಮಾತ್ರ ಅವರಿಂದಾಗದು.

ಅಂಗಡಿಗಳಲ್ಲಿ ಮೊದಲ ಪ್ರಶ್ನೆ ಒಂದೇ: "ಕಿತ್ತಾ ಬಜೆಟ್ ಭಾಯ್?" ಇಪ್ಪತ್ತೈದು ಎಂದರೆ ಕೈ ತಾನಾಗಿ ಮೂವತ್ತರ ಡಬ್ಬದತ್ತ ಹೋಗುತ್ತದೆ. ನಾವು ನಿಜಾಮನ ಕಾಲದಿಂದ ಈ ಉರ್ದು ಕೇಳಿದ ಜಿಲ್ಲೆಯವರು, "ಉತ್ತಾ ನಕ್ಕೋ ಭಾಯ್" ಎಂದು ಅದೇ ಧಾಟಿಯಲ್ಲಿ ಹೇಳಿದರೆ ಅವರೂ ನಗುತ್ತಾರೆ, ಬೆಲೆಯೂ ಸ್ವಲ್ಪ ನಗುತ್ತದೆ. ನಾಲ್ಕನೆಯ ಅಂಗಡಿಯಲ್ಲಿ ಬಿಳಿ ಗಡ್ಡದ ಯಜಮಾನರೊಬ್ಬರು ಬಜೆಟ್ ಕೇಳಲಿಲ್ಲ. "ಎಸ್‌ಎಂಪಿಎಸ್ ಕೌನ್ಸಾ ಹೈ? ಕ್ಯಾಬಿನೆಟ್ ಮೇ ಜಗಾ ಕಿತ್ತೀ ಹೈ?" ಎಂದರು. ಹೆಂಡತಿಯ ಹೊಲಿಗೆ ಟೇಪಿನಿಂದ ಅಳೆದು ಬರೆದುಕೊಂಡಿದ್ದೆ, ಹಾರ್ಡ್ ಡಿಸ್ಕಿನ ಗೂಡಿನವರೆಗೆ 26 ಸೆಂಟಿಮೀಟರ್. ಮೂರು ಫ್ಯಾನಿನದನ್ನು ಒಳಗಿಟ್ಟು ಎರಡು ಫ್ಯಾನಿನ ಗಿಡ್ಡ ಕಾರ್ಡು ತೆಗೆದರು. 6600ಕ್ಕೆ 20,300. ಬ್ರಾಂಜ್ ದರ್ಜೆಯ 550 ವ್ಯಾಟಿನ ಎಸ್‌ಎಂಪಿಎಸ್ 4,100. ಕೇಬಲ್ 250. ಎಲ್ಲ ಜಿಎಸ್‌ಟಿ ಸೇರಿ, ಸೀರಿಯಲ್ ನಂಬರು ಬರೆದ ಬಿಲ್ಲಿನೊಂದಿಗೆ. ಆ ನಂಬರಿಲ್ಲದ ಬಿಲ್ಲು ವಾರಂಟಿಗೆ ಕೆಲಸಕ್ಕೆ ಬರುವುದಿಲ್ಲ.

ಅದೇ ವಾರ ಎನ್‌ವಿಡಿಯಾ ನನ್ನ 1050 ಟಿಐ ಪೀಳಿಗೆಗೆ ಅಕ್ಟೋಬರ್ 2025ರ ನಂತರ ಹೊಸ ಆಟಗಳ ಡ್ರೈವರ್ ಇಲ್ಲ, ಸುರಕ್ಷತೆಯದಷ್ಟೇ ಎಂದು ಹೇಳಿತು. ಅದೇ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವೂ ಮುಗಿಯುವುದಿತ್ತು, ನನ್ನ ಏಳನೇ ಪೀಳಿಗೆಯ ಪ್ರೊಸೆಸರನ್ನು ವಿಂಡೋಸ್ 11 ಒಪ್ಪುವುದಿಲ್ಲ. ಮುಂದೆ ಬೋರ್ಡು, ಪ್ರೊಸೆಸರ್ ಬದಲಿಸಲೇಬೇಕು. ಎಸ್‌ಎಂಪಿಎಸ್‌ಗೆ ದುಡ್ಡು ಹಾಕಿದ್ದು ಅದಕ್ಕೂ ಸೇರಿಸಿಯೇ. ಅದೂ ಕಾರ್ಡೂ ಹೊಸ ಬೋರ್ಡಿಗೆ ಹಾಗೇ ಹೋಗುತ್ತವೆ. ತಂತಿ ಬೇಡದ 3050 ಕೊಂಡಿದ್ದರೆ ಆ ಹಳೆಯ ಡಬ್ಬಿ ಒಳಗೇ ಉಳಿಯುತ್ತಿತ್ತು.

ಹಳೆಯ ಡ್ರೈವರ್ ಪೂರ್ತಿ ಅಳಿಸಿ ಹೊಸದು ಹಾಕಿದೆ. ಆ ಶನಿವಾರ ಎರಡೂ ಅರ್ಧಗಳು ನೀರಿನಂತೆ ಹರಿದವು. ಗದ್ದಲದ ಜಾಗಗಳಲ್ಲಿ ಪ್ರೊಸೆಸರ್ ನೂರು ಮುಟ್ಟುತ್ತದೆ, ಅಲ್ಲಿ ನಲವತ್ತೈದಕ್ಕೆ ಇಳಿಯುತ್ತದೆ, ಆಡಲು ತೊಂದರೆಯಿಲ್ಲ. ರಾತ್ರಿ ಒಂದೂವರೆ ಇರಬೇಕು, ಇಬ್ಬರೂ ಒಟ್ಟಿಗೇ ಹಾರಬೇಕಾದ ಒಂದು ಜಾಗದಲ್ಲಿ ಆರು ಸಲ ಬಿದ್ದೆವು. ಏಳನೆಯ ಸಲಕ್ಕೆ ಕಾಯುತ್ತಿರುವಾಗ ಅವನು, "ಅಣ್ಣ, ಮನಿ ಈಗ ಮಾರೋದು ಬ್ಯಾಡ ಅನಸ್ತದ. ಅವ್ವ ಅಪ್ಪನ ಕುರ್ಚಿ ಒರಸಿ ಒರಸಿ ಇಡ್ತಾಳ" ಎಂದ. ನಾನು ಅಷ್ಟು ದಿನ ಮಾರುವ ಕಡೆಯವನು.

"ಹೂಂ. ಅವ್ವ ಇರೋತನ ಇರ್ಲಿ. ಮ್ಯಾಲಿನ ಮನಿ ರಿಪೇರಿ ಮಾಡಿಸಿ ಬಾಡಿಗಿ ಕೊಡೋಣ, ಅರ್ಧ ನಾ ಹಾಕ್ತೀನಿ."

"ಆಯ್ತು. ಈಗ ಹಾರು."

ಹಳೆಯ 1050 ಟಿಐಗೆ ಸಿಟಿಸಿಯಲ್ಲಿ ಎರಡು ಸಾವಿರ ಹೇಳಿದ್ದರು. ಕೊಡಲಿಲ್ಲ. ಮುಂದಿನ ತಿಂಗಳು ಅವ್ವ ಕಣ್ಣು ತೋರಿಸಲು ಬಂದವಳು ಹೋಗುವಾಗ ಅದನ್ನು ಟವೆಲ್ಲಿನಲ್ಲಿ ಸುತ್ತಿ ಚೀಲದಲ್ಲಿಟ್ಟೆ. ತಮ್ಮನ ಪ್ಲಾಂಟಿನ ಗೆಳೆಯರೊಬ್ಬರ ಮಗನಿಗಂತೆ, ಹತ್ತನೇ ಕ್ಲಾಸು. ಹುಡುಗನ ಎಸ್‌ಎಂಪಿಎಸ್ ಯಾವುದು ಎಂದು ಕೇಳಿದೆ. ತಮ್ಮ ಆಗಲೇ ಹೋಗಿ ಚೀಟಿ ಓದಿ ಬಂದಿದ್ದ.