ಕಡಲ ತೊಟ್ಟಿಗೆ ಅಗ್ಗದ ಮರಳು

ಅಗ್ಗದ ವಸ್ತುವಿನಲ್ಲಿ ನಮ್ಮ ಹಿರಿಯರಿಗೆ ಅಷ್ಟಾಗಿ ನಂಬಿಕೆ ಇರಲಿಲ್ಲ. ಅಗ್ಗಕ್ಕೆ ಆಸೆಪಟ್ಟು ಮುಗ್ಗಿದ ಜೋಳವನ್ನು ಕೊಂಡವನ ಮಾತೆತ್ತಿ ಅವರು ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದರು. ಜೋಳದ ವಿಷಯದಲ್ಲಿ ಈ ಮಾತು ನೂರಕ್ಕೆ ನೂರು ನಿಜ. ತುಪ್ಪದ ವಿಷಯದಲ್ಲಿ ಇನ್ನೂ ಹೆಚ್ಚು ನಿಜ. ಆದರೆ ಇದನ್ನೇ ತಿರುಗಿಸಿ, ಬೆಲೆ ಹೆಚ್ಚಾದುದೆಲ್ಲ ಮೇಲಾದುದೆಂದು ತಿಳಿದರೆ ಗೃಹಸ್ಥನ ಕೈ ಬರಿದಾಗುವುದಲ್ಲದೆ ಬುದ್ಧಿಯೂ ಮಂಕಾಗುವುದು. ಒಂದು ವಸ್ತುವಿನ ಬೆಲೆ ಬೇರೆ, ಅದು ಮಾಡುವ ಕೆಲಸ ಬೇರೆ. ಇದನ್ನು ನನಗೆ ಮನಗಾಣಿಸಿದುದು ಮರಳು. ಕಡಲ ಮೀನುಗಳನ್ನು ಸಾಕುವ ಗಾಜಿನ ತೊಟ್ಟಿಯ ತಳದಲ್ಲಿ ಹರಡುವ ಮರಳು.

ಚಿನ್ನದ ಮೀನನ್ನು ಸಿಹಿನೀರಿನಲ್ಲಿ ಸಾಕುವುದು ಅನೇಕ ಮನೆಗಳಲ್ಲಿ ರೂಢಿಯಾಗಿದೆ. ಉಪ್ಪುನೀರಿನ ತೊಟ್ಟಿಯು ಅದಕ್ಕಿಂತ ತುಸು ಬಿಗುಮಾನದ್ದು. ಕಡಲಿನಿಂದ ನೂರಾರು ಮೈಲಿ ದೂರದ ಬೆಂಗಳೂರಿನಂತಹ ಊರಿನಲ್ಲಿ ಕಡಲನ್ನು ಮನೆಯಲ್ಲಿಯೇ ಕೂಡಿಸಬೇಕು. ಶುದ್ಧವಾದ ನೀರಿಗೆ ಲೀಟರಿಗೆ ಸುಮಾರು ೩೫ ಗ್ರಾಂನಂತೆ ಉಪ್ಪನ್ನು ಬೆರೆಸಬೇಕು. ಅದು ಅಡುಗೆಯ ಉಪ್ಪಲ್ಲ, ಕಡಲಿನ ಲವಣಗಳೆಲ್ಲವೂ ತಕ್ಕ ಪ್ರಮಾಣದಲ್ಲಿ ಸೇರಿದ ಉಪ್ಪು. ನೀರು ಸದಾ ಹರಿದಾಡುತ್ತಿರಬೇಕು, ಬೆಚ್ಚಗಿರಬೇಕು. ಒಳಗೆ ಹವಳದ ದಿಬ್ಬವನ್ನು ನೆನಪಿಗೆ ತರುವಂತೆ ಕಲ್ಲುಗಳನ್ನು ಜೋಡಿಸಬೇಕು. ತಳದಲ್ಲಿ ಮರಳನ್ನು ಹರಡಬೇಕು. ನಮ್ಮ ಮನೆಯ ತೊಟ್ಟಿಯು ೯೦ ಸೆಂಟಿಮೀಟರು ಉದ್ದ, ೪೫ ಸೆಂಟಿಮೀಟರು ಅಗಲವುಳ್ಳದ್ದು. ಅದರಲ್ಲಿ ನಾಲ್ಕು ಸೆಂಟಿಮೀಟರು ದಪ್ಪಕ್ಕೆ ಮರಳು ಹರಡಬೇಕಾದರೆ ಸುಮಾರು ೨೫ ಕಿಲೋ ಬೇಕು. ಹತ್ತು ಸೆಂಟಿಮೀಟರಿಗಾದರೆ ೬೦ ಕಿಲೋ ಮೀರುವುದು.

ಮೀನಿನ ಅಂಗಡಿಯಲ್ಲಿ ಈ ಮರಳು ಹಣ್ಣಿನಂತೆ ಕಿಲೋ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಬಣ್ಣದ ಚೀಲ, ಚೀಲದ ಮೇಲೆ ನೀಲಿ ಕಡಲಿನ ಚಿತ್ರ. ಅಂಗಡಿಯವರು, "ಸ್ವಾಮಿ, ಇದು ಹವಳದ ಮರಳು. ಬೇರೆ ಯಾವುದನ್ನು ಹಾಕಿದರೂ ಮೀನು ಉಳಿಯುವುದಿಲ್ಲ," ಎಂದರು. ೨೫ ಕಿಲೋಗೆ ಅವರು ಹೇಳಿದ ಬೆಲೆಯನ್ನು ನಾನು ಮನೆಯಲ್ಲಿ ತಿಳಿಸಿದಾಗ ನನ್ನ ಹೆಂಡತಿ ಸಿಟ್ಟಾಗಲಿಲ್ಲ, ಒಂದು ಪ್ರಶ್ನೆಯನ್ನು ಮಾತ್ರ ಕೇಳಿದಳು: "ಆ ಮರಳು ಅಲ್ಲಿ ಏನು ಕೆಲಸ ಮಾಡುತ್ತದೆ ಅಂದ್ರೀ? ಅದನ್ನು ತಿಳಿದುಕೊಳ್ಳಿ. ಬೆಲೆಯ ಮಾತು ಆಮೇಲೆ." ಸಂಸಾರದ ಲೆಕ್ಕವನ್ನು ಬಹುಕಾಲ ಬರೆದವರ ಬಾಯಿಂದ ಮಾತ್ರ ಇಂತಹ ಪ್ರಶ್ನೆ ಹೊರಡುವುದು. ನಾನು ತಿಳಿದುಕೊಳ್ಳಲು ಹೊರಟೆ.

ಮರಳಿನ ಮೊದಲನೆಯ ಕೆಲಸ ಕಣ್ಣಿಗೆ ಕಾಣದುದು. ಮೀನಿನ ಹೇಲು, ಉಳಿದ ಆಹಾರ, ಇವೆಲ್ಲ ಕೊಳೆತು ಅಮೋನಿಯ ಎಂಬ ವಿಷವಾಗುತ್ತದೆ. ಮರಳಿನ ಒಂದೊಂದು ಕಣದ ಮೈಮೇಲೂ ನೆಲೆಸುವ ಸೂಕ್ಷ್ಮಜೀವಿಗಳು ಈ ಅಮೋನಿಯವನ್ನು ಮೊದಲು ನೈಟ್ರೈಟಾಗಿಯೂ, ಬಳಿಕ ಅಷ್ಟು ಅಪಾಯವಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಇದಕ್ಕೆ ಆಮ್ಲಜನಕ ಬೇಕು. ಸಣ್ಣ ಮರಳನ್ನು ದಪ್ಪವಾಗಿ ಹರಡಿದರೆ ಆಳದಲ್ಲಿ ಆಮ್ಲಜನಕವು ತೀರಿಹೋಗುವುದು. ಅಲ್ಲಿ ಬೇರೊಂದು ಬಗೆಯ ಸೂಕ್ಷ್ಮಜೀವಿಗಳು ನೈಟ್ರೇಟನ್ನು ಒಡೆದು ಸಾರಜನಕದ ಗಾಳಿಯಾಗಿ ಮಾಡಿ ಬಿಟ್ಟುಬಿಡುತ್ತವೆ. ಫ್ರಾನ್ಸಿನ ಜೀವವಿಜ್ಞಾನಿ ಜಾನ್ ಜೋಬೆರ್ ಅವರು ಮರಳಿನ ಹಾಸನ್ನು ತಳದಿಂದ ಎತ್ತಿ ಜಾಲರಿಯ ಮೇಲಿರಿಸಿ, ಕೆಳಗೆ ನಿಂತ ನೀರಿನ ಒಂದು ಪದರವನ್ನು ಬಿಟ್ಟು, ಈ ಕೆಲಸವನ್ನು ಸರಾಗಗೊಳಿಸಿದರು. ಎರಡನೆಯದಾಗಿ, ಮರಳು ಹಲವು ಪ್ರಾಣಿಗಳಿಗೆ ಮನೆ. ಕೆಲವು ಮೀನುಗಳು ರಾತ್ರಿಯಾದೊಡನೆ ಮರಳಿನೊಳಗೆ ಹುದುಗಿ ಮಲಗುತ್ತವೆ. ಕೆಲವು ಬಾಯಿತುಂಬ ಮರಳನ್ನು ಎತ್ತಿ ಕಿವಿರಿನಿಂದ ಜರಡಿಯಾಡಿ ಆಹಾರ ಹುಡುಕುತ್ತವೆ. ಹುಳುಗಳು ಹಗಲಿರುಳು ಅದನ್ನು ಉಳುತ್ತವೆ. ಹೀಗೆ ಮರಳು ಒಂದು ಹೊಲ. ಅದರ ಬೆಲೆಯೆಲ್ಲ ಅದರಲ್ಲಿ ಬೆಳೆಯುವ ಜೀವದಲ್ಲಿ. ಹೊಲದ ಕಣವು ಎಲ್ಲಿಂದ ಬಂದಿತೆಂದು ಈ ಜೀವಿಗಳು ಕೇಳುವುದಿಲ್ಲ. ಕಣವು ತಕ್ಕಷ್ಟು ಸಣ್ಣದಾಗಿರಬೇಕು, ಅಂಚು ಹರಿತವಾಗಿರಬಾರದು, ನೀರಿಗೆ ವಿಷ ಬಿಡಬಾರದು. ಅವುಗಳ ಬೇಡಿಕೆ ಇಷ್ಟೇ.

ಹವಳದ ಮರಳೆಂದು ಮಾರುವ ಬಿಳಿಯ ಮರಳಿನ ಹುಟ್ಟೂ ಕುತೂಹಲದ್ದೇ. ಗಿಳಿಯ ಕೊಕ್ಕಿನಂತಹ ಹಲ್ಲುಳ್ಳ ಗಿಳಿಮೀನು ದಿಬ್ಬವನ್ನು ಕೆರೆದು ತಿಂದು, ಜೀರ್ಣವಾಗದ ಸುಣ್ಣವನ್ನು ಮರಳಾಗಿ ಹೊರಕ್ಕೆ ಬಿಡುತ್ತದೆ. ದೊಡ್ಡದೊಂದು ಗಿಳಿಮೀನು ವರ್ಷಕ್ಕೆ ನೂರಾರು ಕಿಲೋ ಮರಳನ್ನು ಮಾಡಬಲ್ಲುದು. ಯಾತ್ರಿಕರು ಹಾಡಿ ಹೊಗಳುವ ದ್ವೀಪಗಳ ಬೆಳ್ಳನೆಯ ದಂಡೆಗಳಲ್ಲಿ ಬಹುಪಾಲು ಈ ಮೀನಿನ ಹೊಟ್ಟೆಯಿಂದ ಬಂದುದು ಉಂಟು. ಬಹಾಮ ದ್ವೀಪಗಳ ಬಳಿಯಲ್ಲಿ ಇನ್ನೊಂದು ಬಗೆ: ಆಳವಿಲ್ಲದ ಬೆಚ್ಚನೆಯ ನೀರಿನಲ್ಲಿ ಉರುಳಾಡುವ ಕಣಗಳ ಸುತ್ತ ಸುಣ್ಣವು ಪದರ ಪದರವಾಗಿ ಕಟ್ಟಿ, ಗಸಗಸೆಯಂತೆ ದುಂಡಗೆ ಆಗುತ್ತದೆ. ಅದರಲ್ಲಿ ಹವಳದ ಸೋಂಕೇ ಇಲ್ಲ.

ಅಮೆರಿಕದ ಹವ್ಯಾಸಿಗಳಿಗೆ ಈ ವಿಷಯ ತಿಳಿದ ಬಗೆ ಸ್ವಾರಸ್ಯವಾಗಿದೆ. ೨೦ನೆಯ ಶತಮಾನದ ಕೊನೆಯ ವೇಳೆಗೆ ಅಲ್ಲಿನ ಈಶಾನ್ಯ ಭಾಗದ ಮನೆಕಟ್ಟುವ ಸಾಮಾನಿನ ಅಂಗಡಿಗಳಲ್ಲಿ ಮಕ್ಕಳು ಆಡುವ ಗುಂಡಿಗೆ ಹಾಕಲು ಸೌತ್‌ಡೌನ್ ಎಂಬ ಹೆಸರಿನ ಬಿಳಿ ಮರಳು ೫೦ ಪೌಂಡಿನ ಚೀಲಗಳಲ್ಲಿ ಮಾರಾಟಕ್ಕೆ ಬರುತ್ತಿತ್ತು. ಬೆಲೆ ಕೆಲವೇ ಡಾಲರು. ಅದು ಅರಗೊನೈಟ್ ಎಂಬ ಸುಣ್ಣದ ಮರಳೇ ಎಂದು ಹವ್ಯಾಸಿಗಳು ಕಂಡುಕೊಂಡರು. ಮೀನಿನ ಅಂಗಡಿಯಲ್ಲಿ ಹಲವು ಪಟ್ಟು ಬೆಲೆಗೆ ಮಾರುತ್ತಿದ್ದ ವಸ್ತುವಿನ ಜಾತಿಯದೇ! ಆ ಚೀಲಕ್ಕಾಗಿ ಜನರು ದೂರದೂರಿನಿಂದ ಗಾಡಿ ಕಟ್ಟಿಕೊಂಡು ಬಂದರು. ಅದು ದೊರೆಯದ ಊರಿನವರು ಈಜುಕೊಳದ ನೀರು ಸೋಸುವ ಬೆಣಚುಕಲ್ಲಿನ ಮರಳಿನ ಕಡೆಗೆ ತಿರುಗಿದರು.

ನಮ್ಮಲ್ಲಿ ಆ ಆಟದ ಮರಳಿಲ್ಲ, ಬೇರೆ ದಾರಿಗಳುಂಟು. ಕುಡಿಯುವ ನೀರನ್ನು ಸೋಸುವ ಯಂತ್ರಗಳಿಗೆ ತುಂಬುವ ಬೆಣಚಿನ ಮರಳು ಮೊದಲನೆಯದು. ಇದನ್ನು ಜರಡಿ ಹಿಡಿದು, ತೊಳೆದು, ಸಿಮೆಂಟಿನಂತೆ ಚೀಲದ ಲೆಕ್ಕದಲ್ಲಿ ಮಾರುತ್ತಾರೆ. ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರಿನ ಕಣವನ್ನು ಕೇಳಿ ತರಬೇಕು. ಎರಡನೆಯದು ಕೋಳಿಯ ಮೇವಿಗೆ ಬೆರೆಸುವ ಚಿಪ್ಪಿನ ನುಚ್ಚು. ಕರಾವಳಿಯವರು ಅಳಿವೆಗಳ ಚಿಪ್ಪನ್ನು ಸುಟ್ಟು ಸುಣ್ಣ ಮಾಡಿ ಗೋಡೆಗೂ ಎಲೆಯಡಿಕೆಗೂ ಬಳಸಿದವರು. ಇದೂ ಆ ಚಿಪ್ಪಿನ ಬಳಗದ್ದೇ. ಅಪ್ಪಟ ಸುಣ್ಣ; ಆದರೆ ಕಣವು ದಪ್ಪ, ಅಂಚು ಒರಟು. ಆದುದರಿಂದ ಮೀನು ಹುದುಗುವ ಮೂಲೆಯನ್ನು ಬಿಟ್ಟು ಕಲ್ಲುಗಳ ಕೆಳಗೆ ಹಾಕಲು ತಕ್ಕದ್ದು. ಅಮೃತಶಿಲೆಯ ನುಚ್ಚೂ ಇದರಂತೆಯೇ. ಕಟ್ಟಡಕ್ಕೆ ತರುವ ಜಲ್ಲಿಪುಡಿಯ ಮರಳು ಮಾತ್ರ ಬೇಡ. ಕಗ್ಗಲ್ಲನ್ನು ಒಡೆದುದರಿಂದ ಅದರ ಅಂಚು ಚೂರಿಯಂತೆ ಇರುವುದು. ಕಡಲ ದಂಡೆಯಿಂದಲೇ ತುಂಬಿ ತರಬಹುದಲ್ಲವೇ ಎಂದು ಕೇಳುವವರಿದ್ದಾರೆ. ನಮ್ಮ ಕರಾವಳಿಯ ಮರಳಿನಲ್ಲಿ ಬಹುಪಾಲು ಹೊಳೆಗಳು ತಂದ ಬೆಣಚು. ಕಾರವಾರದ ಬಳಿಯ ತಿಳ್‌ಮಾತಿಯಲ್ಲಿಯಾದರೋ ಹೆಸರಿಗೆ ತಕ್ಕಂತೆ ಎಳ್ಳಿನಂತಹ ಕಪ್ಪು ಮರಳು. ಜೊತೆಗೆ ಊರಿನ ಕೊಳೆಯೂ ದೋಣಿಗಳ ಎಣ್ಣೆಯೂ ಸೇರಿರುವ ಸಂಭವವುಂಟು. ದಂಡೆಯ ಮರಳು ದಂಡೆಯಲ್ಲಿಯೇ ಇರುವುದು ಲೇಸು.

ಯಾವುದನ್ನೇ ತಂದರೂ ಪರೀಕ್ಷೆ ಮನೆಯಲ್ಲಿಯೇ ಆಗುವಂತಹುದು. ಒಂದು ಚಮಚ ಒಣಮರಳಿನ ಮೇಲೆ ನಿಂಬೆಯ ರಸವನ್ನೋ ವಿನಿಗರನ್ನೋ ಹಾಕಿ. ನೊರೆ ಎದ್ದರೆ ಸುಣ್ಣ. ಏಳದಿದ್ದರೆ ಬೆಣಚು ಅಥವಾ ಅಂತಹ ಬೇರೆ ಕಲ್ಲು. ಬಳಿಕ ಒಂದು ಅಯಸ್ಕಾಂತವನ್ನು ಕಾಗದದಲ್ಲಿ ಸುತ್ತಿ ಮರಳಿನಲ್ಲಿ ಆಡಿಸಿ. ಕಪ್ಪು ಕಣಗಳು ಬಹಳವಾಗಿ ಅಂಟಿ ಬಂದರೆ ಅಂತಹ ಮರಳನ್ನು ದೂರವಿಡಿ. ಆಮೇಲೆ ಅಕ್ಕಿ ತೊಳೆಯುವಂತೆ, ಮೇಲಿನ ನೀರು ತಿಳಿಯಾಗುವವರೆಗೆ ತೊಳೆಯಿರಿ. ನಮ್ಮ ಮನೆಯಲ್ಲಿ ೨೫ ಕಿಲೋ ಮರಳನ್ನು ತೊಳೆಯಲು ಒಂದು ಭಾನುವಾರ ಪೂರ್ತಿ ಹಿಡಿಯಿತು. ಆ ನೀರೆಲ್ಲವೂ ತೆಂಗಿನ ಬುಡಕ್ಕೆ ಹೋಯಿತು. ಕಡೆಯದಾಗಿ ಒಂದು ಬಕೆಟ್ ಉಪ್ಪುನೀರಿನಲ್ಲಿ ಹದಿನೈದು ದಿನ ನೆನೆಯಿಟ್ಟು, ಆ ನೀರಿನಲ್ಲಿ ಫಾಸ್ಫೇಟು ಇದೆಯೇ ಎಂದು ನೋಡತಕ್ಕದ್ದು. ಚಿಪ್ಪಿನ ನುಚ್ಚಿಗೆ ಈ ಪರೀಕ್ಷೆ ಮುಖ್ಯ. ಫಾಸ್ಫೇಟು ಹೆಚ್ಚಾದರೆ ತೊಟ್ಟಿಯಲ್ಲಿ ಪಾಚಿಯು ಮೀನಿಗಿಂತ ಚೆನ್ನಾಗಿ ಬೆಳೆಯುವುದು.

ಬೆಣಚಿನ ಮರಳಿನ ಮೇಲೆ ಎರಡು ಆಕ್ಷೇಪಣೆಗಳುಂಟು. ಅದರಿಂದ ಕಂದು ಪಾಚಿ ಬರುವುದೆಂಬುದು ಒಂದು. ಬೆಣಚು ನೀರಿನಲ್ಲಿ ಕರಗುವುದು ಅತ್ಯಲ್ಪ. ಹೊಸ ತೊಟ್ಟಿಯಲ್ಲಿ ಯಾವ ಮರಳು ಹಾಕಿದರೂ ಕೆಲವು ವಾರ ಕಂದು ಪಾಚಿ ಕಾಣಿಸಿಕೊಂಡು ತಾನಾಗಿಯೇ ಹೋಗುವುದು ಸಾಮಾನ್ಯ. ಸುಣ್ಣದ ಮರಳಾದರೆ ಕರಗಿ ನೀರಿನ ಕ್ಷಾರಗುಣವನ್ನು ಕಾಪಾಡುವುದು, ಬೆಣಚು ಕಾಪಾಡದು ಎಂಬುದು ಇನ್ನೊಂದು. ಇದರಲ್ಲಿ ಅರ್ಧ ಸತ್ಯವಿದೆ. ಕಡಲ ನೀರಿನಲ್ಲಿ ಸುಣ್ಣದ ಅಂಶವು ಆಗಲೇ ತುಂಬಿಕೊಂಡಿರುವುದರಿಂದ ತೆರೆದ ನೀರಿನಲ್ಲಿ ಅರಗೊನೈಟ್ ಕರಗುವುದೇ ಇಲ್ಲವೆನ್ನಬಹುದು. ಹಾಸಿನ ಆಳದಲ್ಲಿ, ಸೂಕ್ಷ್ಮಜೀವಿಗಳ ಉಸಿರಿನಿಂದ ನೀರು ತುಸು ಹುಳಿಯ ಕಡೆಗೆ ವಾಲುವಲ್ಲಿ, ಸ್ವಲ್ಪಸ್ವಲ್ಪವಾಗಿ ಕರಗುತ್ತದೆ. ಅಷ್ಟು ಮಾತ್ರಕ್ಕೆ ಹಣ ಸುರಿಯಬೇಕಾಗಿಲ್ಲ. ನೀರನ್ನು ಅಳೆದು, ಕೊರತೆ ಕಂಡಾಗ ಅಡುಗೆ ಸೋಡವನ್ನು ಲೆಕ್ಕದ ಪ್ರಕಾರ ಕರಗಿಸಿ ಹನಿಹನಿಯಾಗಿ ಸೇರಿಸಿದರೆ ಆ ಕೊರತೆ ತುಂಬುವುದು. ಅಡುಗೆಮನೆಯ ಡಬ್ಬಿಯಲ್ಲಿರುವುದನ್ನು ಬಣ್ಣದ ಸೀಸೆಯಲ್ಲಿ ಕೊಳ್ಳುವುದೇಕೆ?

ಮರಳಿನಂತೆಯೇ ಕಲ್ಲು. ೧೯೬೧ರಲ್ಲಿ ಜಕಾರ್ತದ ಲೀ ಚಿನ್ ಎಂಗ್ ಎಂಬವರು, ಕಡಲಿನಿಂದ ತಂದ ಜೀವಂತ ಕಲ್ಲುಗಳೂ ಗಾಳಿಯ ಗುಳ್ಳೆಗಳೂ ಇದ್ದರೆ ತೊಟ್ಟಿಯು ತನ್ನನ್ನು ತಾನೇ ಶುಚಿಯಾಗಿಟ್ಟುಕೊಳ್ಳುವುದೆಂದು ಬರೆದು ಪ್ರಕಟಿಸಿದರು. ಕಲ್ಲಿನ ರಂಧ್ರಗಳಲ್ಲಿಯೂ ಮರಳಿನ ಆ ಸೂಕ್ಷ್ಮಜೀವಿಗಳೇ ವಾಸಿಸುತ್ತವೆ. ಆದರೆ ರಂಧ್ರವನ್ನು ನಾವೂ ಮಾಡಬಹುದು. ಸಿಮೆಂಟು, ಚಿಪ್ಪಿನ ನುಚ್ಚು, ಕಲ್ಲುಪ್ಪು, ಇವನ್ನು ಗಟ್ಟಿಯಾಗಿ ಕಲಸಿ ಉಂಡೆ ಮಾಡಿ ಒಣಗಿಸಿದರೆ, ನೀರಿನಲ್ಲಿಟ್ಟಾಗ ಉಪ್ಪು ಕರಗಿ ಕಲ್ಲಿನಲ್ಲಿ ತೂತುಗಳು ಉಳಿಯುತ್ತವೆ. ಸಿಮೆಂಟಿನ ಕಾರ ಇಳಿಯುವವರೆಗೆ ನೀರನ್ನು ಬದಲಾಯಿಸುತ್ತ ಒಂದೆರಡು ತಿಂಗಳು ನೆನೆಸಬೇಕು. ಅವಸರದವರಿಗೆ ಈ ಕೆಲಸ ಒಗ್ಗದು. ಸ್ನೇಹಿತರ ಹಳೆಯ ತೊಟ್ಟಿಯಿಂದ ಒಂದು ಹಿಡಿ ಮರಳನ್ನು ತಂದು ಹೆಪ್ಪು ಹಾಕಿದಂತೆ ಬೆರೆಸಿದರೆ, ಸತ್ತ ಮರಳೂ ಸಿಮೆಂಟಿನ ಕಲ್ಲೂ ಕ್ರಮೇಣ ಜೀವ ತಳೆಯುತ್ತವೆ.

ಇಷ್ಟನ್ನೂ ಉಳಿತಾಯದ ಪಾಠವೆಂದೇ ಓದಿ ಮುಗಿಸಬಹುದು. ಆದರೆ ನನಗೆ ಇದಕ್ಕಿಂತ ಹೆಚ್ಚು ತಟ್ಟಿದುದು ಬೇರೊಂದು ವಿಷಯ. ಮರಳನ್ನು ವಿಚಾರಿಸಿದ ಆ ದಿನವೇ ಅಂಗಡಿಯವರು ಒಳಗಿನಿಂದ ಒಂದು ಬುಟ್ಟಿಯನ್ನು ತಂದು, ಧ್ವನಿ ತಗ್ಗಿಸಿ, "ಇದು ಅಸಲಿ ಮಾಲು, ಸ್ವಾಮಿ," ಎಂದು ಹವಳದ ತುಂಡುಗಳನ್ನು ತೋರಿಸಿದ್ದರು. ಅಸಲಿಯೇ ಸರಿ, ಆದರೆ ಮಾರತಕ್ಕದ್ದೂ ಅಲ್ಲ, ಕೊಳ್ಳತಕ್ಕದ್ದೂ ಅಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಗೆ ೨೦೦೧ರಲ್ಲಿ ದಿಬ್ಬ ಕಟ್ಟುವ ಹವಳಗಳೆಲ್ಲವೂ ಸೇರಿದವು. ಹುಲಿಗಿರುವ ರಕ್ಷಣೆಯೇ ಹವಳಕ್ಕೂ ಉಂಟು. ಈ ಕಟ್ಟಳೆ ಸುಮ್ಮನೆ ಬಂದುದಲ್ಲ. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ಸುಣ್ಣಕ್ಕೂ ಕಟ್ಟಡಕ್ಕೂ ಬಹುಕಾಲ ಹವಳವನ್ನು ಅಗೆದು ತೆಗೆದರು. ದಿಬ್ಬವೆಂದರೆ ಅಲೆಯನ್ನು ತಡೆಯುವ ಗೋಡೆ. ಗೋಡೆ ಹೋದ ಮೇಲೆ ನೆಲ ನಿಲ್ಲುವುದೆಲ್ಲಿ? ಅಲ್ಲಿನ ೨೧ ದ್ವೀಪಗಳಲ್ಲಿ ಎರಡು ಈಗ ನೀರಿನಡಿಯಲ್ಲಿವೆ. ನಮ್ಮ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲೂ ಹವಳವಿದೆ. ಅದು ಅಲ್ಲಿಯೇ ಇರಬೇಕಾದರೆ ಅದಕ್ಕೆ ಪೇಟೆಯಲ್ಲಿ ಗಿರಾಕಿ ಇರಬಾರದು. ಗಿರಾಕಿಯೆಂದರೆ ನಾನು, ನೀವು. ಮೀನಿನ ಮೇಲೆ ಪ್ರೀತಿಯುಳ್ಳ ಸಭ್ಯ ಗೃಹಸ್ಥರೇ.

ಆ ಬುಟ್ಟಿಯನ್ನು ಕಂಡ ಮೇಲೆ ಸೋಸುವ ಮರಳಿನ ಚೀಲವು ನನಗೆ ಬಡವರ ಬದಲಿಯಾಗಿ ಕಾಣಲಿಲ್ಲ. ಯಾವ ದಿಬ್ಬವನ್ನೂ ಮುರಿಯದೆ ಬಂದ ಮರಳು ಅದು. ಇನ್ನು ಮೀನು? ಕ್ಲೌನ್ ಮೀನುಗಳನ್ನು ಮರಿಮಾಡಿ ಬೆಳೆಸುವ ವಿಧಾನವನ್ನು ನಮ್ಮ ದೇಶದ ಕಡಲ ಮೀನುಗಾರಿಕೆಯ ಸಂಶೋಧಕರು ರೂಢಿಸಿದ್ದಾರೆ. ಹಾಗೆ ತೊಟ್ಟಿಯಲ್ಲಿಯೇ ಹುಟ್ಟಿದ ಜೋಡಿಯನ್ನು ತಂದರೆ ಕಡಲಿಗೆ ನಷ್ಟವಿಲ್ಲ. ನಮ್ಮ ಮನೆಯ ಜೋಡಿ ಅಂತಹುದೇ.

ಮಿತವ್ಯಯಕ್ಕೂ ಒಂದು ಮೇರೆಯುಂಟು. ಉಪ್ಪಿನಲ್ಲಿಯೂ ನೀರಿನ ಶುದ್ಧಿಯಲ್ಲಿಯೂ ಮೀನಿನ ಆಹಾರದಲ್ಲಿಯೂ ಜಿಪುಣತನ ಮಾಡಿದರೆ ಅದರ ದಂಡವನ್ನು ಮಾತು ಬಾರದ ಪ್ರಾಣಿ ತೆರಬೇಕಾಗುತ್ತದೆ. ಅಲ್ಲಿ ಉಳಿಸಬಾರದು. ಮರಳಿನಲ್ಲಿ ಉಳಿಸಿದುದನ್ನು ಅಲ್ಲಿ ಖರ್ಚುಮಾಡಿದರೆ ಲೆಕ್ಕ ಸರಿಹೋಗುವುದು. ಒಂದು ವಸ್ತುವನ್ನು ಕೊಳ್ಳುವಾಗ ಅದು ನನ್ನ ಮನೆಯಲ್ಲಿ ಯಾವ ಕೆಲಸ ಮಾಡುವುದು ಎಂಬುದು ಮೊದಲನೆಯ ಪ್ರಶ್ನೆ; ಅದು ಯಾರ ಮನೆಯನ್ನು ಮುರಿದು ಬಂದಿತು ಎಂಬುದು ಎರಡನೆಯದು. ಈ ಎರಡಕ್ಕೂ ಉತ್ತರ ದೊರೆತ ಮೇಲೆ ಬೆಲೆಯನ್ನು ಕೇಳಿದರೆ ಸಾಕು.