ತೊಡಕು ಹೆಸರಿನ ಕಡತಗಳು

ಮೌಸಿನ ನೆರವನ್ನು ಬಯಸದೆ, ಟರ್ಮಿನಲ್ಲಿನ ಕರಿಯ ಪರದೆಯಲ್ಲಿ ಆಜ್ಞೆಯನ್ನು ಅಕ್ಷರಶಃ ಬರೆದು ಕಡತವನ್ನು ಅಳಿಸುವುದರಲ್ಲಿ ನನಗೆ ದೊರೆಯುವ ಸಂತೋಷವು, ಆ ಕಡತದ ಹೆಸರು ವಕ್ರವಾಗಿದ್ದಷ್ಟೂ ವೃದ್ಧಿಸುತ್ತದೆ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಆರಂಭಿಸಿದ ಯೂನಿಕ್ಸೂ, ಅದರ ಹಾದಿಯನ್ನೇ ಹಿಡಿದ ಲಿನಕ್ಸೂ ಹೆಸರುಗಳ ವಿಷಯದಲ್ಲಿ ಪರಮ ಉದಾರಿಗಳು: ಓರೆಗೆರೆ ಮತ್ತು ಶೂನ್ಯ ಬೈಟ್, ಇವೆರಡನ್ನುಳಿದು ಖಾಲಿ ಜಾಗ, ನಕ್ಷತ್ರ, ಉದ್ಧರಣ ಚಿಹ್ನೆ, ಕಡೆಗೆ ಹೊಸ ಸಾಲನ್ನು ಕೂಡ ಅವು ಹೆಸರಿನೊಳಗೆ ಸೇರಿಸಿಕೊಳ್ಳುತ್ತವೆ.

ಅಡ್ಡಗೆರೆಯಿಂದ ಆರಂಭವಾಗುವ ಹೆಸರು ನನಗೆ ವಿಶೇಷ ಪ್ರಿಯವಾದುದು. ಆರ್‌ಎಂ ಎಂಬ ಅಳಿಸುವ ಆಜ್ಞೆ ಅದನ್ನು ಕಡತವೆಂದು ಬಗೆಯದೆ ತನಗಿತ್ತ ಆಯ್ಕೆಯೆಂದೇ ಓದುತ್ತದೆ. ಉದ್ಧರಣ ಚಿಹ್ನೆಗಳೊಳಗೆ ಇಟ್ಟರೂ ಪ್ರಯೋಜನವಿಲ್ಲ, ಏಕೆಂದರೆ ಆಜ್ಞೆಗಳನ್ನು ಓದಿ ನಡೆಸುವ ಶೆಲ್ ಅವನ್ನು ಮೊದಲೇ ಕಳಚಿ, ಬರಿಯ ಹೆಸರನ್ನಷ್ಟೇ ಮುಂದಕ್ಕೆ ಸಾಗಿಸುತ್ತದೆ. ಆಯ್ಕೆಗಳು ಮುಗಿದುವೆಂದು ಸಾರುವ ಜೋಡಿ ಅಡ್ಡಗೆರೆಯನ್ನು ಹೆಸರಿಗೆ ಮೊದಲು ಇಡುವುದು ಒಂದು ಉಪಾಯ. ಹೆಸರಿನ ಆರಂಭಕ್ಕೆ ಚುಕ್ಕೆಯನ್ನೂ ಓರೆಗೆರೆಯನ್ನೂ ಇಟ್ಟು ಅದು ಇದೇ ಕೋಶದಲ್ಲಿದೆಯೆಂದು ಸೂಚಿಸುವುದು ಇನ್ನೊಂದು. ಎರಡನೆಯದೇ ನನಗೆ ಹೆಚ್ಚು ಇಷ್ಟ: ಅದು ಯಾವ ಆಜ್ಞೆಯ ದಾಕ್ಷಿಣ್ಯವನ್ನೂ ಬೇಡದೆ ಎಲ್ಲೆಡೆಯೂ ಸಲ್ಲುತ್ತದೆ, ಎಲ್ಲ ಹೆಸರುಗಳಿಗೂ ಬದಲಾಗಿ ನಿಲ್ಲುವ ಬರಿಯ ನಕ್ಷತ್ರವನ್ನು ಬಳಸುವಾಗ ಇಂತಹ ಹೆಸರೊಂದು ನುಸುಳಿ ಆಜ್ಞೆಯ ಅರ್ಥವನ್ನೇ ತಿರುಚುವ ಅಪಾಯವನ್ನೂ ತಪ್ಪಿಸುತ್ತದೆ.

ಕನ್ನಡದ ಹೆಸರುಗಳಲ್ಲಿಯಾದರೋ ತೊಡಕು ಇನ್ನೂ ಸೂಕ್ಷ್ಮವಾದುದು. ‘ಕೊಡಗು’ ಎಂಬಲ್ಲಿನ ಒಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಊಕಾರಗಳ ಎರಡು ಚಿಹ್ನೆಗಳಾಗಿಯೂ ಬರೆಯಬಹುದು. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಮೊದಲನೆಯ ‘ಕೊ’ 6 ಬೈಟ್, ಎರಡನೆಯದು 9. ಕಣ್ಣಿಗೆ ಅಭಿನ್ನವಾದ ಈ ಎರಡು ಹೆಸರುಗಳು ಲಿನಕ್ಸಿನ ಸಾಮಾನ್ಯ ಕೋಶವೊಂದರಲ್ಲಿ ಎರಡು ಬೇರೆ ಬೇರೆ ಕಡತಗಳಾಗಿ ನೆಮ್ಮದಿಯಿಂದಿರುತ್ತವೆ, ಕೀಲಿಮಣೆಯಿಂದ ನಾನು ಬರೆದ ‘ಕೊಡಗು’ ಅವುಗಳಲ್ಲಿ ಒಂದನ್ನು ಮಾತ್ರ ಮುಟ್ಟುತ್ತದೆ. ಅರ್ಧಾಕ್ಷರವನ್ನು ಬಿಡಿಸಿ ತೋರಿಸಲು ನಾವು ಬಳಸುವ ಅಗೋಚರ ಸಂಕೇತವೂ ಇಂತಹುದೇ ಭೇದವನ್ನು ಉಂಟುಮಾಡಬಲ್ಲುದು.

ಹೀಗೆ ಹೆಸರಿನಿಂದ ಕಡತವನ್ನು ಹಿಡಿಯಲಾಗದಾಗ ಹೆಸರನ್ನು ಬಿಟ್ಟು ಐನೋಡಿನ ಮೊರೆಹೋಗಬೇಕು. ಕಡತದ ನಿಜಸ್ವರೂಪವನ್ನು ಹಿಡಿದಿರುವುದು ಈ ಐನೋಡ್. ಹೆಸರಾದರೋ ಕೋಶದಲ್ಲಿ ಅದನ್ನು ತೋರಿಸುವ ಒಂದು ನಮೂದು ಮಾತ್ರ, ಆರ್‌ಎಂ ಅಳಿಸುವುದೂ ಆ ನಮೂದನ್ನೇ. ಎಲ್‌ಎಸ್ ಎಂಬ ಪಟ್ಟಿಮಾಡುವ ಆಜ್ಞೆಗೆ ‘ಐ’ ಆಯ್ಕೆಯನ್ನು ಕೊಟ್ಟು ಐನೋಡಿನ ಸಂಖ್ಯೆಯನ್ನು ತಿಳಿದು, ಆ ಸಂಖ್ಯೆಯನ್ನು ಹುಡುಕುವ ಆಜ್ಞೆಯಾದ ಫೈಂಡ್‌ಗೆ ಒಪ್ಪಿಸಿ, ಬಂದ ಉತ್ತರವನ್ನು ಸಾವಧಾನವಾಗಿ ಓದಿದ ಮೇಲೆಯೇ ಡಿಲೀಟ್ ಎಂಬುದನ್ನು ನಾನು ಸೇರಿಸುತ್ತೇನೆ; ಏಕೆಂದರೆ ಅದು ಹುಡುಕುವ ಜಾಗದಲ್ಲಿ ಒಂದೇ ಐನೋಡಿಗೆ ಎರಡು ಹೆಸರುಗಳಿದ್ದಲ್ಲಿ ಫೈಂಡ್ ಎರಡನ್ನೂ ಅಳಿಸಿಬಿಡುವುದು.